ಅಪ್ಪ ಮೆತ್ತಿದ ಗೋಡೆ

"ಏಯ್! ನಿಲ್ಲಿಸೋ! ಹುಚ್ಚು ಗಿಚ್ಚು ಹಿಡಿದಿದೆಯಾ ನಿನಗೆ?"

ದಾರ್ಕಾಳ ಕೂಗಿಗೆ ಮೈರನ್ ಎತ್ತಿದ ಸುತ್ತಿಗೆ ಹಾಗೇ ನಿಂತಿತು. ಮನೆ ನೋಡಲು ಬಂದಿದ್ದವರೆಲ್ಲ ತಿರುಗಿ ನೋಡಿದರು. ಪಡುವಣ ಗೋಡೆಯ ಅರ್ಧ ಗಾರೆ ಆಗಲೇ ನೆಲ ಸೇರಿತ್ತು!

ಉಕ್ರೇನಿನಿಂದ ಹಡಗು ಹತ್ತಿ ಬಂದ ಅವಳ ಮುತ್ತಜ್ಜ ಆಲ್ಬರ್ಟಾದ ಈ ಬಯಲಲ್ಲಿ ಮರ ಕಡಿದು, ದಿಮ್ಮಿ ಜೋಡಿಸಿ ಕಟ್ಟಿದ ಮನೆ ಅದು. ಈಗ ಊರಿನ ಸಮಿತಿ ಅದನ್ನು ಜೋಪಾನ ಮಾಡುತ್ತಿದೆ. ಮೂರು ವರ್ಷದ ಹಿಂದೆ ಆ ಗೋಡೆಗೆ ಗಾರೆ ಮೆತ್ತಿದವರು ಅವಳ ಅಪ್ಪ ಒಸ್ತಾಪ್. ಹಸಿ ಗಾರೆಯ ಮೇಲೆ ಅಂಗೈ ಒತ್ತಿ ನಕ್ಕಿದ್ದರು.

ಹೋದ ಚಳಿಗಾಲದಲ್ಲಿ ಅಪ್ಪ ತೀರಿಕೊಂಡರು. ಇವತ್ತು ಅವರು ಹುಟ್ಟಿದ ದಿನ. ಆ ಗುರುತಿನ ಮೇಲೆ ಕೈಯಿಟ್ಟು ಸ್ವಲ್ಪ ಅತ್ತು ಹೋಗೋಣವೆಂದು ಬಂದಿದ್ದಳು ದಾರ್ಕಾ. ಬಂದು ನೋಡಿದರೆ, ಗೋಡೆ ಒಡೆಯುತ್ತಿರುವವನು ಸೆಪ್ಟೆಂಬರಿನಲ್ಲಿ ತಾನು ಮದುವೆಯಾಗಬೇಕಿದ್ದ ಬಡಗಿ ಮೈರನ್!

"ಯಾಕೋ ಹೀಗ್ಮಾಡ್ದೆ?"

"ಸಮಿತಿಯವರು ಹೇಳಿದ್ರು... ಗಾರೆ ಹಳೇದಾಯ್ತಂತೆ." ಅವನು ಮುಖ ತಿರುಗಿಸಿದ.

"ಮೂರು ವರ್ಷಕ್ಕೇ ಹಳೇದಾ? ಯಾರ ಕಿವಿಗೆ ಹೂವಿಡ್ತೀಯಾ?"

ಅವನು ಬಗ್ಗಿ, ಬಿದ್ದ ಗಾರೆಯ ಚೂರು ಆಯತೊಡಗಿದ.

'ಇಂಥ ಕಲ್ಲುಮನಸ್ಸಿನವನನ್ನಾ ನಾನು ಪ್ರೀತಿಸಿದ್ದು?' ಅವಳ ಕಣ್ಣು ತುಂಬಿತು. ಹುಡುಗಿಗೆ ಸಿಟ್ಟು ಮೂಗಿನ ತುದಿಯಲ್ಲೇ, ಅದು ಊರಿಗೇ ಗೊತ್ತು.

"ಮದುವೇನೂ ಬೇಡ, ಏನೂ ಬೇಡ! ನನ್ನ ದಾರಿ ನನಗೆ."

"ದಾರ್ಕಾ..."

"ನನ್ನ ಹೆಸರು ಎತ್ತಬೇಡ!"

ಹೊರಟವಳ ರಟ್ಟೆ ಹಿಡಿದು ನಿಲ್ಲಿಸಿದವಳು ಅವಳ ಸೋದರತ್ತೆ ಪರಾಸ್ಕ. ಬಂದವರಿಗೆಂದು ಮಣ್ಣಿನ ಒಲೆಯಲ್ಲಿ ರೊಟ್ಟಿ ಸುಡುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದಳು.

"ಏನೇ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯಾ? ಬಾ ಇಲ್ಲಿ, ಕೈಯಿಟ್ಟು ನೋಡು!"

"ಅತ್ತೆ, ಬೇಡ..." ಮೈರನ್ ಅಂಗಲಾಚಿದ.

"ಸುಮ್ನಿರಪ್ಪಾ! ಹೇಳದೆ ಹೇಳದೆ ಹುಡುಗೀನೇ ಕಳ್ಕೊಳ್ತಿದ್ದೀಯ."

ಗಾರೆ ಕಿತ್ತಲ್ಲಿ ಮರದ ದಿಮ್ಮಿ ಕಪ್ಪಗಿತ್ತು. ದಾರ್ಕಾ ಮುಟ್ಟಿದ ಕೂಡಲೇ ಬೆರಳು ಒಳಗೆ ಇಳಿಯಿತು.

"ನಮ್ಮಮ್ಮ ಮಣ್ಣು, ಹುಲ್ಲು, ಸಗಣಿ ತುಳಿದು ಮೆತ್ತೋಳು. ಗೋಡೆ ಒದ್ದೆಯಾದ್ರೂ ಒಣಗ್ತಿತ್ತು. ನಿಮ್ಮಪ್ಪ, ಇನ್ನೂ ನೂರು ವರ್ಷ ಗಟ್ಟಿಯಾಗಿರ್ಲಿ ಅಂತ ಸಿಮೆಂಟ್ ಕಲಸಿಬಿಟ್ಟ. ನೀರು ಒಳಗೇ ಕೂತು ಮರ ಕೊಳೀತು. ಹೀಗೇ ಬಿಟ್ರೆ ಮುಂದಿನ ಹಿಮಕ್ಕೆ ಮನೆ ಉಳಿಯಲ್ಲ ಕಣೇ."

ದಾರ್ಕಾ ಮೈರನ್ನನ ಕಡೆ ತಿರುಗಿದಳು. "ನನಗ್ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಅಪ್ಪನ್ನ ಮಣ್ಣು ಮಾಡಿ ನಾಲ್ಕು ತಿಂಗಳಾಗಿಲ್ಲ... ನಿಮ್ಮಪ್ಪನಿಂದ್ಲೇ ಮನೆ ಹಾಳಾಯ್ತು ಅನ್ನೋಕೆ ಬಾಯಿ ಬರ್ಲಿಲ್ಲ. ನನ್ನನ್ನೇ ಬೈದ್ರೆ ಬೈಲಿ ಅಂದ್ಕೊಂಡೆ."

"ಆ ಅಂಗೈ ಗುರುತು?"

"ಬಿಡಿಸಿ ಉಳಿಸೋಕೆ ಮೂರು ದಿನದಿಂದ ನೋಡ್ತಿದ್ದೀನಿ. ಮುಟ್ಟಿದ್ರೆ ಬಿರುಕು ಬಿಡ್ತಿದೆ. ಅದರ ಹಿಂದಿನ ದಿಮ್ಮೀನೇ ಜಾಸ್ತಿ ಕೊಳೆತಿರೋದು..."

ಗೋಡೆಯಲ್ಲಿ ಇನ್ನೂ ಉಳಿದಿದ್ದ ಆ ಗುರುತಿನಲ್ಲಿ ಅವಳು ಕೈಯಿಟ್ಟಳು. ಅಪ್ಪನ ಅಂಗೈ ಎಷ್ಟು ದೊಡ್ಡದಿತ್ತು! ಆಮೇಲೆ ಕಣ್ಣೊರೆಸಿಕೊಂಡು ಮೈರನ್ನನ ಕಡೆ ಕೈ ಚಾಚಿದಳು.

"ಸುತ್ತಿಗೆ ಕೊಡು."

"ಬೇಡ, ನಾನೇ..."

"ಅಪ್ಪನ ತಪ್ಪನ್ನ ಮಗಳು ನಾನೇ ತಿದ್ತೀನಿ. ಕೊಡು."

ಮೊದಲ ಪೆಟ್ಟು ಜಾರಿತು. ಮೂರನೆಯದಕ್ಕೆ ಗುರುತು ಪುಡಿಯಾಗಿ ಉದುರಿತು. ದಾರ್ಕಾ ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಮೈರನ್ ಪಕ್ಕದಲ್ಲಿ ಕೂತ. ಕೊನೆಗೆ ಅವಳೇ ಅವನ ಭುಜಕ್ಕೆ ಒರಗಿದಳು.

"ಮೈರನ್... ನಾಳೆ ನಾನು ತಪ್ಪು ಮಾಡಿದ್ರೂ ಹೀಗೇ ಮುಚ್ಚಿಡ್ತೀಯಾ?"

"ಇಲ್ಲ. ಮುಖಕ್ಕೇ ಹೇಳ್ತೀನಿ."

"ನಾನು ಜಗಳ ಆಡ್ತೀನಿ."

"ಆಡು. ಆಡ್ಬಿಟ್ಟು ಎದ್ದು ಹೋಗ್ಬೇಡ, ಅಷ್ಟೇ."

"ಹೋಗಲ್ಲ ಕಣೋ..."