ಹವಾಲ್ದಾರನ ಕೋಟು

ಕೋಪ ಬಂದರೆ ನನ್ನ ಕಿವಿ ಕೆಂಪಾಗುತ್ತವೆ ಎಂದು ಚಿಕ್ಕಮ್ಮ ಹೇಳುತ್ತಾಳೆ. ಆ ದಿನ ದರ್ಜಿ ಹವಾಲ್ದಾರನನ್ನು ನನ್ನ ಕ್ಲಿನಿಕ್ಕಿಗೆ ಕರೆತಂದಾಗ ಬರೀ ಕಿವಿ ಎಲ್ಲಿ, ನಾನೇ ಪೂರ್ತಿ ಕೆಂಡವಾಗಿದ್ದೆ.

ಹವಾಲ್ದಾರ ನಾಲ್ಕು ವರ್ಷದ ಜರ್ಮನ್ ಶೆಫರ್ಡ್. ಯಾರೋ ಬಿಟ್ಟುಹೋದವನು. ಸೆಲ್ಯೂಟ್ ಹೊಡೆದಂತೆ ನಿಂತ ಕಿವಿ ನೋಡಿ ಹೆಸರಿಟ್ಟವಳು ನಾನು. ಎದುರು ರಸ್ತೆಯ ದರ್ಜಿಗೆ ಮೂರು ತಿಂಗಳ ಪರೀಕ್ಷೆಯ ಮೇಲೆ ಒಪ್ಪಿಸಿದವಳೂ ನಾನೇ. ನಲವತ್ತು ನಿಯಮಗಳ ಹಾಳೆ ಕೊಟ್ಟು, ಪಾಸಾದರೆ ನಾಯಿ ನಿಮ್ಮದು ಎಂದಿದ್ದೆ. ಇನ್ನೊಂದೇ ವಾರ ಬಾಕಿಯಿತ್ತು. ಈಗ ಮೈಯೆಲ್ಲ ಬೋಳಾಗಿ, ಕೆಂಪೇರಿದ ಬೆನ್ನು ತೋರಿಸುತ್ತ ಅವನು ನಿಂತಿದ್ದ.

"ಏನಿದು?"

"ಬಿಸಿಲು ಜಾಸ್ತಿ ಆಯ್ತಲ್ಲ ಡಾಕ್ಟ್ರೇ. ಪಾಪ, ಸೆಕೆ ಅಂತ..."

"ಕೋಟಿಗೆ ಒಳಗಡೆ ಲೈನಿಂಗ್ ಯಾಕೆ ಹಾಕ್ತೀರಾ?"

"ಚಳಿಗೆ. ಮತ್ತೆ ಕೋಟು ನೆಟ್ಟಗೆ ಕೂರಬೇಕಲ್ಲ."

"ಇವನಿಗೂ ಎರಡು ಪದರ ಇದೆ. ಒಳಗೆ ಮೆತ್ತಗಿರೋದು, ಮೇಲೆ ಒರಟು. ಚಳಿ ತಡೆಯೋ ಹಾಗೇ ಬಿಸಿಲೂ ತಡೆಯುತ್ತೆ. ಸೆಕೆ ಅಂದ್ರೆ ಬಾಚಬೇಕು, ನೆರಳಲ್ಲಿ ಮಲಗಿಸಬೇಕು, ನೀರಿಡಬೇಕು. ಬೋಳಿಸಿದ್ರೆ ಚರ್ಮ ಸುಡುತ್ತೆ. ಮೊದಲಿನ ಹಾಗೆ ಬೆಳೆಯುತ್ತೆ ಅನ್ನೋ ಗ್ಯಾರಂಟಿನೂ ಇಲ್ಲ. ನಿಮ್ಮ ತಲೆ ಬೋಳಿಸ್ಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಒಂದು ಗಂಟೆ ಹೊತ್ತು ನಿಂತು ನೋಡಿ, ಗೊತ್ತಾಗುತ್ತೆ."

ಅವನ ಕೈಯಿಂದ ನಾನು ಸರಪಳಿ ಕಿತ್ತುಕೊಂಡೆ. "ಇವನು ಇಲ್ಲೇ ಇರ್ತಾನೆ. ನೀವು ಫೇಲ್."

ಹೋಗುವಾಗ ಒಮ್ಮೆ ತಿರುಗಿದ. ನಾಯಿಯನ್ನು ನೋಡಿದನೋ, ನನ್ನನ್ನೋ. ಅಳತೆ ತೆಗೆಯುವವರ ಕಣ್ಣು ಸುಲಭಕ್ಕೆ ಕೆಳಗಿಳಿಯುವುದಿಲ್ಲ. ಅದಕ್ಕೂ ನನಗೆ ಕೋಪ ಬಂತು. ಅವು ಚೆಂದದ ಕಣ್ಣು ಎನಿಸಿದ್ದಕ್ಕೆ ಇನ್ನೂ ಹೆಚ್ಚು.

ಸಂಜೆಯ ಊಟವನ್ನು ಹವಾಲ್ದಾರ ಮುಟ್ಟಲಿಲ್ಲ. ಮರುದಿನ ಬೆಳಗಿನದನ್ನೂ ಇಲ್ಲ. ಬಾಗಿಲ ಕಡೆ ಮೂತಿ ಮಾಡಿ ಮಲಗಿಬಿಟ್ಟ. ಈ ತಳಿ ಒಬ್ಬರಿಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ ಎಂದು ಊರಿಗೆಲ್ಲ ಪಾಠ ಹೇಳುವವಳು ನಾನೇ.

"ಅಲ್ನೋಡೇ," ಎಂದಳು ಕ್ಲಿನಿಕ್ಕಿನ ಕೌಂಟರು ನೋಡಿಕೊಳ್ಳುವ ಚಿಕ್ಕಮ್ಮ, ಗದ್ದ ಎತ್ತಿ ಕಿಟಕಿಯಾಚೆ ತೋರಿಸಿ. "ನಿನ್ನ ಮಾತು ಕೇಳೋ ಗಂಡಸು ಒಬ್ಬನಾದ್ರೂ ಸಿಕ್ಕ."

ಸುಡುವ ಮಧ್ಯಾಹ್ನದಲ್ಲಿ, ರಸ್ತೆಯ ಪಕ್ಕ ದರ್ಜಿ ನಿಂತಿದ್ದ. ತಲೆ ನುಣ್ಣಗೆ ಬೋಳು. ಕೈಯಲ್ಲೊಂದು ಪೊಟ್ಟಣ.

ಧುಮುಗುಟ್ಟುತ್ತ ಹೊರಗೆ ಹೋದೆ. "ಬಿಸಿಲು ಬಡಿದು ಬಿದ್ರೆ ನಾನು ನೋಡಲ್ಲ. ನಾನು ನಾಯಿ ಡಾಕ್ಟರು."

"ನಿನ್ನೆಯಿಂದ ನಂದೂ ನಾಯಿಪಾಡೇ. ನೋಡಬಹುದು." ವಾಚು ನೋಡಿಕೊಂಡ. "ಇನ್ನೂ ಇಪ್ಪತ್ತು ನಿಮಿಷ ಇದೆ. ನೀವು ಹೇಳಿದ್ದು ನಿಜ ಡಾಕ್ಟ್ರೇ, ಸುಡುತ್ತೆ."

"ಒಳಗೆ ನಡೀರಿ."

ಪೊಟ್ಟಣದಲ್ಲಿ ತೆಳು ಹತ್ತಿಯ ಒಂದು ನಾಯಿಕೋಟು. ಹವಾಲ್ದಾರನಿಗೆ ತೊಡಿಸಿದರೆ ಒಂದು ನೂಲೂ ಹೆಚ್ಚುಕಡಿಮೆಯಿಲ್ಲ.

"ಅಳತೆ ಯಾವಾಗ ತಗೊಂಡ್ರಿ?"

"ಕಣ್ಣಳತೆ." ಅವನ ನೋಟ ಎರಡು ಮಡಿಕೆ ಹಾಕಿದ್ದ ನನ್ನ ಬಿಳಿ ಕೋಟಿನ ತೋಳಿನ ಮೇಲೆ ನಿಂತಿತು. "ಕೆಲವರ ತೋಳು ಮೂರು ತಿಂಗಳಿಂದ ಕಣ್ಣಿಗೆ ಚುಚ್ತಾ ಇದೆ."

ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

ಅವನು ನಾಯಿಯ ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಗಂಟಲು ಸರಿಮಾಡಿಕೊಂಡ. ಹೊರಬಂದದ್ದು ನನ್ನ ದನಿ. ನನ್ನದೇ ಸಿಡುಕು, ನನ್ನದೇ ಏರು. "ನಿಯಮ ಒಂಬತ್ತು. ಊಟ ಆದ್ಮೇಲೆ ಒಂದು ಗಂಟೆ ಓಡಿಸಬಾರದು. ಹೊಟ್ಟೆ ಉಬ್ಬರಿಸಿ ತಿರುಚಿಕೊಂಡ್ರೆ ಜೀವಕ್ಕೇ ಅಪಾಯ. ಗೊತ್ತಾಯ್ತಾ? ಏನು ಗೊತ್ತಾಯ್ತು, ಹೇಳಿ."

ಹವಾಲ್ದಾರನ ಕಿವಿ ಎದ್ದವು. ಬಾಲ ಆಡಿತು. ತಟ್ಟೆ ಖಾಲಿಯಾಯಿತು. ಚಿಕ್ಕಮ್ಮ ರಿಜಿಸ್ಟರಿನ ಹಿಂದೆ ಮುಖ ಮುಚ್ಚಿಕೊಂಡು ಕುಲುಕುತ್ತಿದ್ದಳು.

"ನನ್ನನ್ನೇ ಅಣಕಿಸ್ತೀರಾ?"

"ದಿನಾ ಊಟಕ್ಕೆ ಮುಂಚೆ ಒಂದೊಂದು ನಿಯಮ ಓದ್ತೀವಿ. ನನ್ನ ದನಿಗೆ ಇವನು ಕ್ಯಾರೇ ಅನ್ನಲ್ಲ. ನಿಮ್ಮ ದನಿ ಅಂದ್ರೆ ಇಬ್ಬರೂ ನೆಟ್ಟಗೆ ಕೂರ್ತೀವಿ."

ಹಾಗಾದರೆ ಮೂರು ತಿಂಗಳಿಂದ ನಾನು ಆ ಮನೆಯಲ್ಲಿ ದಿನಕ್ಕೆರಡು ಹೊತ್ತು ಬೈಯುತ್ತಿದ್ದೆ, ನನಗೇ ತಿಳಿಯದೆ. ಎದೆಯೊಳಗೆ ಏನೋ ಬಾಲ ಆಡಿಸಿತು. ಗದರಿ ಕೂರಿಸಿದೆ.

"ಅಂದ್ರೆ ನಲವತ್ತೂ ಬಾಯಿಪಾಠ. ಬೋಳಿಸಬಾರದು ಅನ್ನೋದು ಎಷ್ಟನೇದು?"

ಅವನು ನಾಯಿಯ ಕತ್ತು ಸವರತೊಡಗಿದ. "ಹೋಗ್ಲಿ ಬಿಡಿ ಡಾಕ್ಟ್ರೇ."

"ಹೇಳಿ ಅಂದೆ."

ಚಿಕ್ಕಮ್ಮ ಹಾಳೆಯ ಪ್ರತಿ ತೆಗೆದು ಬೆರಳು ಓಡಿಸಿದಳು. "ಕಿವಿ ಇದೆ, ಉಗುರಿದೆ, ಹಲ್ಲಿದೆ, ಮೆಟ್ಟಿಲಿದೆ. ವಾರಕ್ಕೆ ಮೂರು ಸಲ ಬಾಚಿ ಅಂತಿದೆ. ಬೋಳಿಸಬೇಡಿ ಅಂತ ಎಲ್ಲೂ ಬರೆದಿಲ್ವಲ್ಲೇ."

ಅಷ್ಟು ದಡ್ಡರು ಯಾರಿರುತ್ತಾರೆ ಎಂದುಕೊಂಡು ನಾನೇ ಬಿಟ್ಟಿದ್ದೆ. ತಪ್ಪು ನನ್ನದೆಂದು ಗೊತ್ತಾದರೂ ನನ್ನ ಕೋಪ ಇಳಿಯುವ ಜಾಯಮಾನದ್ದಲ್ಲ. ದಿಕ್ಕು ಬದಲಿಸುತ್ತದೆ, ಅಷ್ಟೇ.

"ನಿನ್ನೆನೇ ಯಾಕೆ ಹೇಳ್ಲಿಲ್ಲ? ನಾಯಿ ಕೈಬಿಟ್ಟು ಹೋಗ್ತಿತ್ತಲ್ಲ."

"ನೀವು ಬೈಯುವಾಗ ಮಧ್ಯೆ ಸೂಜಿ ತೂರಿಸೋಕೂ ಜಾಗ ಇರ್ಲಿಲ್ಲ." ನಕ್ಕ. ಆಮೇಲೆ ತನ್ನದೇ ತಗ್ಗಿದ ದನಿಯಲ್ಲಿ, "ಹಾಳೇಲಿ ಇಲ್ದಿದ್ರೂ ಸುಟ್ಟಿದ್ದು ಇವನ ಬೆನ್ನೇ ತಾನೇ. ನಾನು ಕೇಳಬೇಕಿತ್ತು. ನೆಪ ಹುಡುಕಿ ಹುಡುಕಿ ಹನ್ನೊಂದು ಸಲ ಬಂದೋನು, ನಿಜವಾಗಿ ಬರಬೇಕಾದಾಗ ಬರ್ಲಿಲ್ಲ."

"ನೆಪನಾ?"

"ನಾಯಿ ಆಕಳಿಸ್ತು ಅಂತ ಯಾರಾದ್ರೂ ಡಾಕ್ಟ್ರ ಹತ್ರ ಓಡಿ ಬರ್ತಾರಾ?"

ನಾನು ಪೆನ್ನು ತೆಗೆದು, ಹಾಳೆಯ ಕೊನೆಯಲ್ಲಿ ನಲವತ್ತೊಂದನೆಯದನ್ನು ಕಾಗದ ಹರಿಯುವಷ್ಟು ಒತ್ತಿ ಬರೆದೆ: ಬೋಳಿಸಬಾರದು. ಕೆಳಗೆ ಸಹಿ ಹಾಕಿದೆ. ಸರಪಳಿಯನ್ನು ಅವನ ಕೈಗೆ ತುರುಕಿದೆ.

"ಪಾಸಾ?"

"ನಾಯಿ ನಿಮ್ಮದು. ನಿಮಗೆ ಮಾತ್ರ ಮರುಪರೀಕ್ಷೆ. ಕೂದಲು ಬರೋವರೆಗೂ ದಿನಾ ಸಂಜೆ ಮನೆಗೇ ಬಂದು ನೋಡ್ತೀನಿ."

"ಯಾರ ಕೂದಲು? ಅವನದಾ, ನಂದಾ?"

ಬಿಳಿ ಕೋಟು ಬಿಚ್ಚಿ ಆ ಬೋಳುತಲೆಯ ಮೇಲೆ ಎಸೆದೆ. "ಬಿಸಿಲಿದೆ, ಹೊದ್ಕೊಂಡು ಹೋಗಿ. ನಾಳೆ ಹೊತ್ತಿಗೆ ತೋಳು ಸರಿ ಇರಬೇಕು."

ಕೋಟಿನ ಸಂದಿಯಿಂದ ಎರಡು ಕಣ್ಣು ಇಣುಕಿದವು. "ಕಣ್ಣಳತೆಯಲ್ಲೇ ಹೊಲೀಲಾ?"

"ಕಣ್ಣನ್ನ ನಾನು ನಂಬಲ್ಲ," ಎಂದೆ, ಇನ್ನೂ ಕೋಪದಲ್ಲೇ, ಕೈಯನ್ನು ಅವನ ಮುಂದೆ ಚಾಚಿ.