ಜರುಗಿದ ತಂತಿ, ಇಳಿಸದ ಕುಂಚ

“ಬಲಗೈ ಎತ್ತಬೇಡಿ ಅಂತ ಡಾಕ್ಟರ್ ಹೇಳಿರಲಿಲ್ವಾ? ನೋಡಿ, ತಂತಿ ಜರುಗಿದೆ!”

ಮೊದಲ ಭೇಟಿಯಲ್ಲೇ ಬೈಗುಳ! ಅಂಗಡಿ ಬೋರ್ಡ್ ಬರೆಯುವ ಅವಳು ಆಸ್ಪತ್ರೆಯ ಹೊಸ ಟೆಕ್ನಿಷಿಯನ್‌ನನ್ನು ದುರುಗುಟ್ಟಿ ನೋಡಿದಳು.

ನಿದ್ದೆಯಲ್ಲಿ ಅವಳ ಮಿದುಳು ಉಸಿರಾಡುವುದನ್ನೇ ಮರೆಯುತ್ತಿತ್ತು. ಎದೆಯೊಳಗಿನ ಪುಟ್ಟ ಸಾಧನ ಒಂದು ತಂತಿಯ ಮೂಲಕ ನರವನ್ನು ತಟ್ಟಿ ನೆನಪಿಸುತ್ತಿತ್ತು. ಈಗ ಇನ್ನೊಂದು ಆಪರೇಷನ್ ಮಾಡಿ ಆ ತಂತಿ ಬದಲಿಸಬೇಕು.

“ಮೊದಲ ಆಪರೇಷನ್ ಆದ್ಮೇಲೆ ಹೇಳಿದ ಹಾಗೆ ಆರು ವಾರ ಕೈ ಎತ್ತಿಲ್ಲ. ಏಳನೇ ವಾರ ಏಣಿ ಹತ್ತಿದೆ!”

ಅವನು ಅವಳ ಮೊಣಕೈಗೆ ಮೆತ್ತಿದ್ದ ಹಳದಿ ಬಣ್ಣ ನೋಡಿದ. ಅವಳ ಕಣ್ಣೆದುರೇ ಫೈಲಿನಲ್ಲಿ ಬರೆದ: ‘ರೋಗಿಯ ಅಜಾಗರೂಕತೆ.’

ಜೊತೆಗಿದ್ದ ಚಿಕ್ಕಮ್ಮ ನಿಟ್ಟುಸಿರಿಟ್ಟರು. “ಆ ಏಣಿ ಯಾರಿಗಾದ್ರೂ ಕೊಟ್ಟುಬಿಡೇ. ಕೂತು ಮಾಡೋ ಕೆಲಸ ಹುಡುಕೋಣ.”

‘ಒಂದೇ ಸಾಲು... ನನ್ನ ಕೆಲಸಕ್ಕೇ ಕುತ್ತು!’ ಅವಳಿಗೆ ರೇಗಿತು.

“ಉಸಿರನ್ನ ಈ ಸಾಧನ ನೋಡ್ಕೊಳ್ಳಲಿ ಚಿಕ್ಕಮ್ಮ, ಬದುಕನ್ನ ನಾನು ನೋಡ್ಕೋತೀನಿ!” ಅವನತ್ತ ತಿರುಗಿದಳು. “ಆ ಸಾಲು ಹೊಡೆದು ಹಾಕೋವರೆಗೂ ಆಪರೇಷನ್‌ಗೆ ಬರಲ್ಲ.”

ರಾತ್ರಿಯೆಲ್ಲ ಉಸಿರು ತಪ್ಪಿ ತಪ್ಪಿ, ಮೂರು ದಿನ ಬೆಳಗೆದ್ದರೆ ತಲೆ ಸಿಡಿತ. ಬೋರ್ಡಿನ ಮೇಲೆ ಅಕ್ಷರ ವಾಲಿತು. ಹೆದರಿಕೆಯಾಯಿತು... ಆದರೂ ಏಣಿಯಿಂದ ಇಳಿಯಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಆ ಟೆಕ್ನಿಷಿಯನ್ನೇ ಅವಳ ಏಣಿಯ ಬಳಿಗೆ ಬಂದ, ಕೈಯಲ್ಲಿ ದೊಡ್ಡ ಲಕೋಟೆ.

“ಸ್ವಲ್ಪ ಇಳೀತೀರಾ?”

“ಇಲ್ಲಿಗೇ ಕೇಳಿಸುತ್ತೆ, ಹೇಳಿ.”

“ಇದು ಎರಡನೇ ವಾರದ ಎಕ್ಸ್‌ರೇ. ಆಗಲೇ ತಂತಿ ಜರುಗಿತ್ತು. ನಾನು ಇದನ್ನ ತೆಗೆದು ನೋಡ್ಲೇ ಇಲ್ಲ... ಮೊಣಕೈ ಬಣ್ಣ ನೋಡಿ ಬರೆದುಬಿಟ್ಟೆ.”

ಫೈಲಿನ ಪ್ರತಿಯಲ್ಲಿ ಆ ಸಾಲಿಗೆ ಗೀಟು ಬಿದ್ದಿತ್ತು. ಕೆಳಗೆ: ‘ತಪ್ಪು ನನ್ನದು.’ ಅವನ ಸಹಿ.

ಅವಳು ಇಳಿದಳು.

“ಡಾಕ್ಟರ್ ಬೈದ್ರಾ?”

“ಚೆನ್ನಾಗಿ.”

“ಸಾಲದು!” ಎಂದಳು. ತುಟಿಯಂಚಲ್ಲಿ ನಗು!

ಹೊಸ ತಂತಿ ಸರಿಯಾಗಿ ಕೂತಿತು. ಮತ್ತೆ ಆರು ವಾರ ಕೈ ಎತ್ತುವಂತಿಲ್ಲ. ಪ್ರತಿ ಸಂಜೆ ಡ್ಯೂಟಿ ಮುಗಿಸಿ ಅವನು ಬರುತ್ತಿದ್ದ. ಅವಳು ಸ್ಟೂಲಿನ ಮೇಲೆ ಕೂತು ಅಪ್ಪಣೆ ಕೊಟ್ಟರೆ, ಅವನು ಬೋರ್ಡಿನ ತುದಿಯಲ್ಲಿ ಸೊಟ್ಟಗೆ ಗೆರೆ ಎಳೆಯುತ್ತಿದ್ದ.

“ನನ್ನ ಸಾಧನ ನೋಡ್ಕೊಳ್ಳೋ ಕೈನಾ ಇದು? ದೇವರೇ ಕಾಪಾಡಬೇಕು!”

ಏಳನೆಯ ವಾರ ಅವಳು ಏಣಿ ಹತ್ತಿದಳು. ಅವನು ಎರಡೂ ಕೈಯಲ್ಲಿ ಅದನ್ನು ಹಿಡಿದ.

“ಇಳೀರಿ ಅಂತ ಯಾವತ್ತೂ ಹೇಳಲ್ಲ. ಕೊನೇವರೆಗೂ ಹೀಗೇ ಹಿಡ್ಕೊಂಡಿರ್ತೀನಿ... ಒಪ್ಪಿಗೆನಾ?”

ಅವಳ ಕುಂಚ ನಿಂತಿತು.

“ನನ್ನ ಬಗ್ಗೆ ಮತ್ತೆ ನೋಡದೇ ಏನಾದ್ರೂ ಬರೆದ್ರೆ?”

“ಇನ್ಮೇಲೆ ನಿಮ್ಮನ್ನ ಕೇಳಿಯೇ ಬರೀತೀನಿ.”

“ಹಾಗಾದ್ರೆ ಬರ್ಕೋ...” ಮೊದಲ ಬಾರಿ ಏಕವಚನ! “ಒಪ್ಪಿಗೆ. ಏಣಿ ಮಾತ್ರ ಬಿಡಬೇಡ!”