ಬೇವಿನ ನೆರಳಿಗೆ ಸರಿದ ಕಾರು

ಶೈಲಶ್ರೀ ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿಯ ಮೊದಲ ಎಳೆ ಎಳೆದಿದ್ದಳಷ್ಟೇ.

“ಏನ್ರೀ ಇದು! ನನ್ನ ಕಾರಿನ ಮ್ಯಾಲೆ ಬೆಲ್ಲದ ನೀರು ಸುರುವೀರೇನು?”

ಬೆಚ್ಚಿ ತಲೆಯೆತ್ತಿದಳು. ಎದುರು ಮನೆಯ ಮಹಡಿಗೆ ಬಾಡಿಗೆಗೆ ಬಂದಿದ್ದ ಅರವಿಂದ್. ಮಾದಾಪುರದ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಅವನ ಹೊಸ ಕಾರಿನ ಗಾಜೆಲ್ಲ ಅಂಟು ಅಂಟು!

“ಸುರುವಾಕ ನಮ್ಮ ಮನ್ಯಾಗ ಅಷ್ಟು ಬೆಲ್ಲ ಇಲ್ರಿ. ತಲಿ ಎತ್ತಿ ಗಿಡ ನೋಡ್ರಿ. ಮಾವು ಹೂ ಬಿಟ್ಟೈತಿ. ಹೂವಿನ ರಸ ಹೀರೋ ಹುಳ ಈ ಅಂಟು ಉದುರಸ್ತಾವು. ಆ ಮೂಲಿ ಬೇವಿನ ಕೆಳಗ ನಿಲ್ಲಸ್ರಿ.”

“ಇದು ಮಾವಿನ ಗಿಡಾನಾ? ಕಾಯಿ ಇದ್ದಿದ್ರ ಗುರುತು ಹಿಡೀತಿದ್ದೆ ನೋಡ್ರಿ!”

ಗಂಡ ತೀರಿಕೊಂಡ ಮೇಲೆ ಶೈಲಶ್ರೀ ಹಾಗೆ ನಕ್ಕಿದ್ದು ಅಂದೇ...

ಅವನು ಮಾತ್ರ ಕಾರನ್ನು ಮಾವಿನ ಕೆಳಗೇ ನಿಲ್ಲಿಸುತ್ತಿದ್ದ. ಸಂಜೆ ಇಳಿದಾಗ ಅವಳ ಬಾಗಿಲಲ್ಲಿ ಎರಡು ಮಾತು, ಮಗಳು ನಿರೀಕ್ಷಾಳಿಗೆ ಒಂದು ತಮಾಷೆ. ಬೆಳಗ್ಗೆ ಅವನು ಏಳುವ ಮೊದಲೇ ಶೈಲಶ್ರೀ ರಂಗೋಲಿಗೆ ತಂದ ನೀರಿನಲ್ಲೇ ಬಟ್ಟೆ ಅದ್ದಿ ಕಾರಿನ ಗಾಜು ಒರೆಸಿಬಿಡುತ್ತಿದ್ದಳು. ಯಾರಿಗೂ ಹೇಳದ ಸುಖ ಅದು.

ಒಂದು ಮುಂಜಾನೆ ಮಹಡಿಯ ಕಿಟಕಿಯಿಂದ ಅವನು ಅದನ್ನು ನೋಡಿದ.

ಮರುದಿನ ಕಾರು ಮೂಲೆಯ ಬೇವಿನ ಕೆಳಗಿತ್ತು!

‘ಗಂಡ ಸತ್ತವಳ ಕೈ ಮುಂಜಾನೆದ್ದು ತಾಗಬಾರದು ಅಂತಲೇ?’ ಎಂದುಕೊಂಡಳು ಶೈಲಶ್ರೀ. ಅಂದಿನಿಂದ ಸಂಜೆ ಬಾಗಿಲು ತೆರೆಯಲೇ ಇಲ್ಲ. ಅವನು ಎರಡು ಸಲ ಬಡಿದ... ಆಮೇಲೆ ಸುಮ್ಮನಾದ. ಹೂವು ಕಾಯಾಗಿ, ಕಾಯಿ ಹಣ್ಣಾಗಿ ಮರದಿಂದ ಇಳಿದರೂ ಇಬ್ಬರ ನಡುವೆ ಮಾತಿಲ್ಲ.

ಇಂದು ಅವನ ಸಾಮಾನು ಟೆಂಪೊ ಏರಿತು. ಮಾದಾಪುರದಲ್ಲೇ ಮನೆ ಸಿಕ್ಕಿತ್ತಂತೆ.

“ಹೋಗಿ ಬರ್ತೀನ್ರಿ,” ಎಂದ, ಹೊಸ್ತಿಲಾಚೆಯೇ ನಿಂತು.

ಅವಳಿಗೆ ತಡೆಯಲಾಗಲಿಲ್ಲ. “ನನ್ನ ಕೈ ತಾಗೂದು ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳಬೇಕಿತ್ತು! ಕಾರ್ ಯಾಕ ಸರಿಸಿದ್ರಿ?”

ಅರವಿಂದನ ಮುಖ ಬಿಳಿಚಿತು. “ಅಯ್ಯೋ... ಆ ಥಂಡ್ಯಾಗ, ತಣ್ಣೀರಾಗ ನಿಮ್ಮ ಬೆರಳು ಮರಗಟ್ಟಿದ್ವು. ನನ್ನ ಸಲುವಾಗಿ ಈ ತ್ರಾಸ ಯಾಕ ಅಂತ ಸರಿಸಿದೆ. ನೀವು ಬಾಗಲಾನ ತೆಗೀಲಿಲ್ಲ. ನಾ ಬ್ಯಾಡಾದೆ ಅನಕೊಂಡೆ.”

ಅವಳ ಕಣ್ಣು ತುಂಬಿತು. ಒಂದೇ ಒಂದು ಮಾತು ಕೇಳಿದ್ದರೆ! ಎಷ್ಟು ಸಂಜೆಗಳು ಸುಮ್ಮನೆ ಹೋದವು...

“ಕೇಳಬಾರದಿತ್ತೇನ್ರಿ?”

“ಹೇಳಬಾರದಿತ್ತೇನ್ರಿ ನೀವೂ?”

“ಸಾರ್, ಪೋದಾಮಾ?” ಹೋಗೋಣವೇ ಎಂದು ತೆಲುಗಿನಲ್ಲಿ ಕೇಳುತ್ತ ಟೆಂಪೊದವನು ಹಾರ್ನ್ ಒತ್ತಿದ.

“ತಡಿಯಪ್ಪಾ!” ಅರವಿಂದ್ ಮತ್ತೆ ಅವಳತ್ತ ತಿರುಗಿದ. “ಶೈಲಾ... ನಂಗ ಹೋಗಾಕ ಮನಸ್ಸಿಲ್ಲ. ನಿಮ್ಮನ್ನ, ಈ ಕೂಸನ್ನ ಬಿಟ್ಟು ಎಲ್ಲೂ ಮನಸ್ಸಿಲ್ಲ. ಒಂದ ಸಲ ಹೂಂ ಅನ್ರಿ.”

ಹೂಂ ಎನ್ನಲು ಅವಳ ಜೀವವೆಲ್ಲ ಹಾತೊರೆಯಿತು. ಆದರೆ ನಿರೀಕ್ಷಾ? ಅಪ್ಪನ ಫೋಟೊಕ್ಕೆ ದಿನಾ ಕೈ ಮುಗಿಯುವ ಕೂಸು ಇದನ್ನು ಹೇಗೆ ತಾಳೀತು?

“ಮಗಳು...” ಎಂದಷ್ಟೇ ಅಂದಳು.

ಅಮ್ಮನ ಹಿಂದೆ ನಿಂತಿದ್ದ ನಿರೀಕ್ಷಾ ಮೆಲ್ಲಗೆ ಮುಂದೆ ಬಂದಳು. ಇಬ್ಬರನ್ನೂ ನೋಡಿದಳು. ಅವನ ಬೆರಳು ಹಿಡಿದಳು.

“ಅಂಕಲ್... ನಿಮಗ ಪಪ್ಪಾ ಅನ್ನಲೇನು?”